ಐಸಿಯು ಬಾಗಿಲಲ್ಲಿ ಗಡಿನಾಡ ಕುಟುಂಬ: ಸಹಿ ಒಂದು, ಕಾರಣ ಎರಡು

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ಅಲ್ಲಿನ ಆಸ್ಪತ್ರೆಗಳ ತೀವ್ರ ನಿಗಾ ಘಟಕ, ಅಂದರೆ ಐಸಿಯು, ಈ ಭಾಗದ ಅನೇಕ ಮನೆಗಳಿಗೆ ಕೊನೆಯ ಭರವಸೆ. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ವೇಳೆ ಕರ್ನಾಟಕ ತಲಪಾಡಿ ರಸ್ತೆ ಮುಚ್ಚಿದಾಗ ಚಿಕಿತ್ಸೆ ಸಿಗದೆ ರೋಗಿಗಳು ತೀರಿಕೊಂಡ ವರದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಮಧ್ಯ ಪ್ರವೇಶಿಸಬೇಕಾಯಿತು. ರಸ್ತೆ ತೆರೆದಿರುವ ದಿನಗಳಲ್ಲೂ ಐಸಿಯು ಅನುಭವ ಎಲ್ಲರಿಗೂ ಒಂದೇ ಅಲ್ಲ. ಹಣ ಮತ್ತು ಆಚಾರ ಎರಡೂ ಅದನ್ನು ಬದಲಿಸುತ್ತವೆ.

ಹಣ: ಹಾಸಿಗೆ, ವೆಂಟಿಲೇಟರ್, ಔಷಧ, ಪರೀಕ್ಷೆ ಎಂದು ಬಿಲ್ ದಿನದಿನವೂ ಏರುತ್ತದೆ. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ನ್ನು ಜನರೇ ಕೈಯಿಂದ ಭರಿಸಿದ್ದಾರೆ. ವಿಮೆ ಇರುವವರು 'ಗುಣವಾಗಬಹುದೇ?' ಎಂದು ಕೇಳಿದರೆ, ಬೀಡಿ ಕಟ್ಟುವ, ಕೂಲಿಗೆ ಹೋಗುವ ಮನೆಯವರು 'ಇನ್ನೆಷ್ಟು ದಿನ ಇಡಬೇಕು?' ಎಂದು ಕೇಳುತ್ತಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಕೇರಳದ ಕಾರ್ಡ್ ಮಂಗಳೂರಿನ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ದಾಖಲಾಗುವಾಗಲೇ ವಿಚಾರಿಸಬೇಕು.

ಆಚಾರ: ಕೊನೆಯುಸಿರು ಮನೆಯಲ್ಲೇ ಆಗಲಿ ಎಂಬುದು ಹಿರಿಯರ ಆಸೆ. ಹಿಂದೂಗಳಲ್ಲಿ ಬಾಯಿಗೆ ತುಳಸಿ ನೀರು, ಮುಸ್ಲಿಮರಲ್ಲಿ ಕಿವಿಯ ಬಳಿ ಕಲಿಮ, ಕ್ರೈಸ್ತರಲ್ಲಿ ಪಾದ್ರಿಗಳ ಪ್ರಾರ್ಥನೆ. ಬಾಯಲ್ಲಿ ನಳಿಕೆ ಇದ್ದು, ಒಬ್ಬಿಬ್ಬರಿಗಷ್ಟೇ ಒಳಗೆ ಪ್ರವೇಶವಿರುವ ಕಡೆ ಇದೆಲ್ಲ ಕಷ್ಟ. ತೀರ್ಮಾನವೂ ಹೆಂಡತಿ ಒಬ್ಬಳದ್ದಲ್ಲ. ಸೋದರಮಾವ, ದೊಡ್ಡಪ್ಪ, ಗಲ್ಫ್‌ನಲ್ಲಿರುವ ಮಗ ಎಲ್ಲರೂ ಒಪ್ಪಬೇಕು.

ಹೀಗೆ ಹಣ ಮುಗಿದವರೂ, ಮನೆಯಲ್ಲೇ ಕೊನೆಗಾಣಿಸಬೇಕೆನ್ನುವವರೂ ಸಾಮಾನ್ಯವಾಗಿ ಸಹಿ ಹಾಕುವುದು ಒಂದೇ ಕಾಗದಕ್ಕೆ: 'ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ'. ಬಡತನದಿಂದ ಹೊರಟವರು ಯಾರು, ಇಷ್ಟಪಟ್ಟು ಹೊರಟವರು ಯಾರು ಎಂಬುದು ಆ ಕಾಗದದಿಂದ ತಿಳಿಯದು. ನೋವಿನ ಔಷಧವೂ ಇಲ್ಲದೆ ರೋಗಿ ಮನೆ ಸೇರುವ ಅಪಾಯವಿದೆ.

ಬೇರೆ ದಾರಿಗಳಿವೆ. ಗುಣವಾಗದ ಸ್ಥಿತಿಯಲ್ಲಿ ಜೀವರಕ್ಷಕ ಯಂತ್ರ ತೆಗೆಯಲು ಸುಪ್ರೀಂ ಕೋರ್ಟ್ 2018ರಲ್ಲಿ ಕ್ರಮ ಹಾಕಿಕೊಟ್ಟು, 2023ರಲ್ಲಿ ಅದನ್ನು ಸರಳಗೊಳಿಸಿತು. ವೈದ್ಯರ ಎರಡು ಮಂಡಳಿಗಳ ಅಭಿಪ್ರಾಯ, ಮನೆಯವರ ಒಪ್ಪಿಗೆ ಇದಕ್ಕೆ ಅಗತ್ಯ. ಕರ್ನಾಟಕ 2025ರ ಜನವರಿಯಲ್ಲಿ ಈ ಬಗ್ಗೆ ಸುತ್ತೋಲೆ ಹೊರಡಿಸಿದೆ. ಕೇರಳ 2008ರಲ್ಲೇ ಪ್ಯಾಲಿಯೇಟಿವ್ ನೀತಿ ತಂದಿದ್ದು, ಪಂಚಾಯತ್ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ನರ್ಸ್ ಮನೆಗೇ ಬಂದು ಆರೈಕೆ ಮಾಡುವ ವ್ಯವಸ್ಥೆ ಇದೆ.

ಆದ್ದರಿಂದ ಸಹಿಗೆ ಮೊದಲು ಕಾಗದವನ್ನು ಕನ್ನಡದಲ್ಲೋ ಮಲಯಾಳದಲ್ಲೋ ಓದಿಸಿ ಕೇಳಿ. ಹಣದ ತೊಂದರೆ ಇದ್ದರೆ ಸಂಕೋಚಪಡದೆ ಹೇಳಿ. ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸಬಹುದೇ ಎಂದು ವಿಚಾರಿಸಿ. ಮನೆಗೇ ಕರೆದೊಯ್ಯುವುದಾದರೆ ನೋವಿನ ಔಷಧ ಬರೆಸಿಕೊಳ್ಳಿ, ಆಂಬುಲೆನ್ಸ್ ಹೊರಡುವ ಮೊದಲೇ ಊರಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ.