ಲೋಹಕ್ಕೂ ದಣಿವುಂಟೆ?

ಗಟ್ಟಿ ತಂತಿಯೊಂದನ್ನು ಒಂದೇ ಸಲ ಎಳೆದು ತುಂಡರಿಸುವುದು ನಿಮ್ಮಿಂದಾಗದು. ಅದನ್ನೇ ಹತ್ತಿಪ್ಪತ್ತು ಬಾರಿ ಅತ್ತಿತ್ತ ಬಗ್ಗಿಸಿ ನೋಡಿ, ಸುಲಭವಾಗಿ ಮುರಿದುಹೋಗುತ್ತದೆ. ಲೋಹದ ಈ ದಣಿವು ಎಲ್ಲಿ ಮೊದಲಾಗುತ್ತದೆ?

1842ರ ಮೇ 8ರಂದು ವರ್ಸೇಲ್ಸಿನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿಯಿತು. ಬಂಡಿಗಳಿಗೆ ಬೆಂಕಿ ಹತ್ತಿ 50ಕ್ಕೂ ಹೆಚ್ಚು ಮಂದಿ ಮಡಿದರು. ಕುಲುಕಾಟದಿಂದ ಕಬ್ಬಿಣದ ನಾರೆಲ್ಲ ಹರಳಾಗಿಬಿಡುತ್ತದೆಂದು ಆಗ ಅನೇಕರು ನಂಬಿದ್ದರು. ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಊಹೆಯನ್ನು ನೆಚ್ಚಲಿಲ್ಲ. ಅಚ್ಚುಗಳಿಗೆ ಭಾರ ಹೇರಿ, ಯಂತ್ರದಲ್ಲಿ ಲಕ್ಷಗಟ್ಟಲೆ ಸುತ್ತು ತಿರುಗಿಸಿದರು. ಒಂದೇ ಸಲಕ್ಕೆ ಮುರಿಯಲು ಬೇಕಾದುದಕ್ಕಿಂತ ಬಹಳ ಕಡಿಮೆ ಭಾರವೂ ಮತ್ತೆ ಮತ್ತೆ ಬಿದ್ದರೆ ಲೋಹವನ್ನು ಮುರಿಯಬಲ್ಲುದೆಂದು 1870ರ ಹೊತ್ತಿಗೆ ಸಿದ್ಧಪಡಿಸಿದರು.

ಆದರೆ ಬಿರುಕಿನ ಹುಟ್ಟನ್ನು ಕಂಡವರಾರು? 1903ರಲ್ಲಿ ಇಂಗ್ಲೆಂಡಿನ ಯೂಯಿಂಗ್ ಮತ್ತು ಹಂಫ್ರಿ, ನುಣುಪುಮಾಡಿದ ಕಬ್ಬಿಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಫಲವನ್ನು ಪ್ರಕಟಿಸಿದರು. ಲೋಹದ ಸಣ್ಣ ಹರಳುಗಳೊಳಗೆ, ಇಸ್ಪೀಟು ಎಲೆಗಳು ಒಂದರ ಮೇಲೊಂದು ಜಾರುವಂತೆ, ಪದರಗಳು ಜಾರುತ್ತಿದ್ದವು. ಆ ಜಾರಿನ ಗೆರೆಗಳೇ ಅಗಲವಾಗಿ ಬಿರುಕಾಗುತ್ತಿದ್ದವು.

ಮುಂದೆ ಜೆಟ್ ವಿಮಾನ ಬಂದಿತು. ಅದರ ಎಂಜಿನ್ನಿನಲ್ಲಿ ಅಲಗುಗಳನ್ನು ಹೊತ್ತು ತಿರುಗುವ ನಿಕ್ಕಲ್ ಮಿಶ್ರಲೋಹದ ತಟ್ಟೆ, ಪ್ರತಿ ಹಾರಾಟದಲ್ಲೂ ಕಾದು, ಸೆಳೆತಕ್ಕೆ ಸಿಕ್ಕಿ, ಮತ್ತೆ ತಣಿಯುತ್ತದೆ. ಬಿಸಿಯಲ್ಲಿ ಗಾಳಿಯ ಆಮ್ಲಜನಕವು ಹೊರಮೈಯ ಹರಳುಗಳ ಸಂದನ್ನು ದುರ್ಬಲಗೊಳಿಸುತ್ತದೆ. ಒಳಗೆ ಕಲ್ಮಷದ ಕಣವಿದ್ದರಂತೂ ಸೆಳೆತವೆಲ್ಲ ಅದರ ಸುತ್ತ ಕೂಡಿಕೊಂಡು, ಅಲ್ಲಿಂದಲೇ ಬಿರುಕು ಹೊರಡುತ್ತದೆ.

2016ರ ಅಕ್ಟೋಬರ್ 28ರಂದು ಷಿಕಾಗೋ ನಿಲ್ದಾಣದಲ್ಲಿ, ನೆಲ ಬಿಡಲು ಓಡುತ್ತಿದ್ದ ವಿಮಾನವೊಂದರ ಇಂಥ ತಟ್ಟೆ ಸಿಡಿಯಿತು. ಒಂದು ಚೂರು ರೆಕ್ಕೆಯನ್ನು ಸೀಳಿ ಅರ್ಧ ಮೈಲಿಗೂ ಆಚೆ ಹೋಗಿ ಬಿದ್ದಿತು. ವಿಮಾನಕ್ಕೆ ಬೆಂಕಿ ಹತ್ತಿದರೂ ಒಳಗಿದ್ದ 170 ಮಂದಿಯೂ ಬದುಕಿಕೊಂಡರು. 15,000 ಹಾರಾಟಗಳ ಆಯುಸ್ಸು ಗೊತ್ತುಮಾಡಿದ್ದ ತಟ್ಟೆ 11,000 ತುಂಬುವ ಮುನ್ನವೇ ಒಡೆದಿತ್ತು. ಲೋಹ ಕರಗಿಸುವಾಗಲೇ ಒಳಗುಳಿದ ಒಂದು ಸಣ್ಣ ದೋಷವೇ ಮೂಲ. ಅದರಿಂದ ಹುಟ್ಟಿದ ಬಿರುಕುಗಳು 5,700ರಷ್ಟು ಹಾರಾಟಗಳ ಕಾಲ ಯಾರಿಗೂ ಕಾಣದೆ ಬೆಳೆದಿರಬಹುದೆಂದು ತನಿಖೆ ತಿಳಿಸಿತು. ಹೊರಮೈಯ ಪರೀಕ್ಷೆ ಸಾಲದು, ಶ್ರವಣಾತೀತ ಧ್ವನಿಯಂಥ ಸಾಧನದಿಂದ ಲೋಹದ ಒಳಗನ್ನೂ ಶೋಧಿಸಬೇಕೆಂದು ತನಿಖೆಗಾರರು ಸಲಹೆಯಿತ್ತರು.

ಲೋಹ ಮುರಿಯುವುದು ಒಂದು ಕ್ಷಣದ ಮಾತು. ಬಿರುಕಿನ ಬಾಳು ಮಾತ್ರ ಬಹು ದೀರ್ಘ. ಆ ಅವಧಿಯಲ್ಲೇ ಅದನ್ನು ಹುಡುಕಿ ಹಿಡಿಯಬಲ್ಲೆವಾದರೆ, ನಿಮ್ಮ ಪ್ರಯಾಣ ಕ್ಷೇಮ.