ಒಲ್ಲದ ಪ್ರಾರ್ಥನೆ ಒಲಿದ ಬಗೆ

ಇಂಗ್ಲೆಂಡಿನ ಚರ್ಚುಗಳಿಗೆ ಭಾನುವಾರ ಬರುವವರ ಸಂಖ್ಯೆ ಕೆಲವು ದಶಕಗಳ ಹಿಂದಿನದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಆದರೆ ಅಲ್ಲಿನ ಕೆಥೆಡ್ರಲ್‌ಗಳಲ್ಲಿ, ಆಕ್ಸ್‌ಫರ್ಡ್, ಕೇಂಬ್ರಿಜ್ ಕಾಲೇಜುಗಳ ಪ್ರಾರ್ಥನಾ ಮಂದಿರಗಳಲ್ಲಿ ಸಂಜೆ ನಡೆಯುವ ‘ಈವನ್‌ಸಾಂಗ್’ ಎಂಬ ಗಾಯನ ಪ್ರಾರ್ಥನೆಗೆ ದೇವರನ್ನು ನಂಬದವರೂ ಬಂದು ಕೂರುತ್ತಾರೆ. ಅಲ್ಲಿ ಕೇಳುವುದು ನಾಲ್ಕೂವರೆ ಶತಮಾನಕ್ಕೂ ಹಳೆಯ ಇಂಗ್ಲಿಷ್. ಈ ಹಳೆಯ ಮಾತಿಗೆ ಇಷ್ಟೊಂದು ಸೆಳೆತ ಬಂದದ್ದು ಹೇಗೆ?

ದೊರೆ ಎಂಟನೇ ಹೆನ್ರಿ 1534ರಲ್ಲಿ ಪೋಪರ ಅಧಿಕಾರವನ್ನು ತಳ್ಳಿಹಾಕಿದ. ಆತನ ಮಗ ಆರನೇ ಎಡ್ವರ್ಡನ ಕಾಲದಲ್ಲಿ, 1549ರಲ್ಲಿ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ ‘ಬುಕ್ ಆಫ್ ಕಾಮನ್ ಪ್ರೇಯರ್’ ಎಂಬ ಪ್ರಾರ್ಥನಾ ಪುಸ್ತಕವನ್ನು ರೂಪಿಸಿದ. ಲ್ಯಾಟಿನ್ ಬಿಟ್ಟು ಜನರ ನುಡಿಯಲ್ಲಿ ಆರಾಧನೆ ನಡೆಯಬೇಕೆಂಬುದು ಅದರ ಗುರಿ. ಮಠಗಳ ಸಂನ್ಯಾಸಿಗಳು ದಿನಕ್ಕೆ ಹಲವು ಬಾರಿ ಹೇಳುತ್ತಿದ್ದ ಪ್ರಾರ್ಥನೆಗಳನ್ನು ಆತ ಬೆಳಿಗ್ಗೆಗೊಂದು, ಸಂಜೆಗೊಂದು ಎಂದು ಇಳಿಸಿದ. ಬೈಬಲಿನ 150 ಕೀರ್ತನೆಗಳು ತಿಂಗಳಿಗೊಮ್ಮೆ ಮುಗಿಯುವಂತೆ ಹಂಚಿದ.

ಜನರೆಲ್ಲ ಇದನ್ನು ಮೆಚ್ಚಿದರೆಂದಲ್ಲ. ಅದೇ ವರ್ಷ ಕಾರ್ನ್‌ವಾಲ್, ಡೆವನ್ ಪ್ರಾಂತ್ಯಗಳ ಜನ ತಮ್ಮ ಹಳೆಯ ಲ್ಯಾಟಿನ್ ಪೂಜೆಯೇ ಬೇಕೆಂದು ದಂಗೆ ಎದ್ದರು. ತಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ತಿಳಿಯದೆಂದು ಕಾರ್ನ್‌ವಾಲಿನವರು ವಾದಿಸಿದರು. ಸೈನ್ಯ ಬಂದು ದಂಗೆಯನ್ನು ಅಡಗಿಸಿದಾಗ ಸಾವಿರಾರು ಮಂದಿ ಸತ್ತರು. ಕ್ಯಾಥೊಲಿಕ್ ರಾಣಿ ಮೇರಿಯ ಆಳ್ವಿಕೆಯಲ್ಲಿ, 1556ರಲ್ಲಿ, ಕ್ರಾನ್ಮರ್‌ನನ್ನು ಆಕ್ಸ್‌ಫರ್ಡಿನಲ್ಲಿ ಜೀವಂತ ಸುಡಲಾಯಿತು. ಪ್ಯೂರಿಟನ್ ಪ್ರಾಬಲ್ಯದ ಪಾರ್ಲಿಮೆಂಟು 1645ರಲ್ಲಿ ಪುಸ್ತಕವನ್ನೇ ನಿಷೇಧಿಸಿತು. ಅರಸೊತ್ತಿಗೆ ಮರಳಿದ ಮೇಲೆ, 1662ರಲ್ಲಿ, ಅದು ಪರಿಷ್ಕಾರಗೊಂಡು ನೆಲೆಯೂರಿತು.

ಓದು ಬಾರದವರೇ ಹೆಚ್ಚಿದ್ದ ಕಾಲದಲ್ಲಿ ಈ ಪ್ರಾರ್ಥನೆಗಳು ಕಿವಿಯಿಂದ ಕಿವಿಗೆ ಸಾಗಿ ಬಾಯಿಪಾಠವಾದವು. ನಾಮಕರಣ, ಮದುವೆ, ಮಣ್ಣು ಮಾಡುವುದು ಎಲ್ಲಕ್ಕೂ ಅವೇ ಮಾತು. ಅಜ್ಜನಿಗೆ ಹೇಳಿದ್ದನ್ನೇ ಮೊಮ್ಮಗನಿಗೂ ಹೇಳುತ್ತಿದ್ದರು.

ಇಪ್ಪತ್ತನೇ ಶತಮಾನದಲ್ಲಿ ಅದೇ ಹಳೆಯ ಪ್ರಶ್ನೆ ಮರಳಿ ಬಂತು: ಜನರಿಗೆ ತಿಳಿಯುವ ಭಾಷೆ ಬೇಡವೇ? ಇಂಗ್ಲೆಂಡಿನ ಚರ್ಚು 1980ರಲ್ಲಿ ಆಧುನಿಕ ಇಂಗ್ಲಿಷಿನ ಪರ್ಯಾಯ ಪುಸ್ತಕವನ್ನೂ, 2000ದಲ್ಲಿ ‘ಕಾಮನ್ ವರ್ಶಿಪ್’ ಅನ್ನೂ ತಂದಿತು. ಹಳೆಯದನ್ನು ಉಳಿಸಲು 1972ರಲ್ಲೇ ಒಂದು ಸಂಘ ಹುಟ್ಟಿಕೊಂಡಿತ್ತು. ಕ್ರಾನ್ಮರ್‌ನ ತರ್ಕ ಈಗ ಸುಧಾರಕರ ಪಾಲಾಗಿತ್ತು. ಕಾರ್ನ್‌ವಾಲಿನವರ ಸಂಕಟ ಕ್ರಾನ್ಮರ್‌ನ ಅಭಿಮಾನಿಗಳದಾಗಿತ್ತು. ಹೆತ್ತವರನ್ನು ಕಳಿಸಿಕೊಟ್ಟ ಮಾತನ್ನು ಬದಲಿಸಬೇಡಿ ಎಂಬುದೇ ಎರಡೂ ಕಾಲದ ಮೊರೆ.

ಈ ಬಾರಿ ಯಾರೂ ಕತ್ತಿ ಹಿಡಿಯಲಿಲ್ಲ. 1662ರ ಪುಸ್ತಕ ರದ್ದಾಗಿಲ್ಲ. ಹೊಸದರ ಜೊತೆಯಲ್ಲೇ ಬಳಕೆಯಲ್ಲಿದೆ. 1926ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಿಂದ ಈವನ್‌ಸಾಂಗ್ ಪ್ರಸಾರ ಆರಂಭಿಸಿದ ಬಿಬಿಸಿ ರೇಡಿಯೊ ಇಂದಿಗೂ ಅದನ್ನು ನಿಲ್ಲಿಸಿಲ್ಲ.