ಪೆಟ್ಟಿಗೆಯಲ್ಲುಳಿದ ಹಾಡು, ಮನೆಯಿಂದ ಹೊರಟ ಹಾಡು

ಅಚ್ಚಾಗದೆ ಉಳಿದ ಹಸ್ತಪ್ರತಿಯ ವ್ಯಥೆಯನ್ನು ಸಾಹಿತ್ಯಾಸಕ್ತರಾದ ನಾವೆಲ್ಲರೂ ಬಲ್ಲೆವು. ಧ್ವನಿಮುದ್ರಿತವಾಗಿಯೂ ಪ್ರಕಟವಾಗದೆ ಉಳಿದ ಹಾಡಿಗೂ ಅಂತಹುದೇ ಚರಿತ್ರೆಯುಂಟು. 1972ರಲ್ಲಿ ಇಂಗ್ಲೆಂಡಿನ ರಾಕ್ ವೃಂದವಾದ ಲೆಡ್ ಜೆಪೆಲಿನ್‌ನ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ಮುಂಬಯಿಗೆ ಬಂದು, ಅಲ್ಲಿನ ಸ್ಟುಡಿಯೋದಲ್ಲಿ ಭಾರತೀಯ ವಾದಕರನ್ನು ಕೂಡಿಕೊಂಡು, ತಮ್ಮ ಎರಡು ಹಾಡುಗಳನ್ನು ಹೊಸ ರೀತಿಯಲ್ಲಿ ಧ್ವನಿಮುದ್ರಿಸಿದರು. ಅವು ಅಧಿಕೃತವಾಗಿ ಪ್ರಕಟವಾದುದು 2015ರಲ್ಲಿ. 43 ವರ್ಷ ಕಳೆದರೂ ಅವನ್ನು ಲೋಕವು ಮರೆಯಲಿಲ್ಲ. ಹಾಡಿದವರ ಕೀರ್ತಿಯೇ ಅವುಗಳಿಗೆ ಕಾವಲಾಗಿತ್ತು.

ಕೀರ್ತಿಯ ಕಾವಲಿಲ್ಲದವರ ಹಾಡಿನ ಗತಿಯೇನು? ಇದಕ್ಕೆ ಉತ್ತರವನ್ನು ನಾವು ನೆಲೆಸಿರುವ ಈ ಗೋವೆಯಲ್ಲಿಯೇ ಕಾಣಬಹುದು.

ಇಗರ್ಜಿಯ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿಯನ್ನು ಕಲಿತ ಗೋವೆಯ ವಾದಕರು ಹಿಂದಿ ಚಿತ್ರಸಂಗೀತದ ವೃಂದಗಳಿಗೆ ಆಧಾರವಾಗಿದ್ದರು. ಸೆಬಾಸ್ಟಿಯನ್ ಡಿಸೋಜ, ಆಂಥೋನಿ ಗೊನ್ಸಾಲ್ವಿಸ್ ಮೊದಲಾದವರ ಪ್ರತಿಭೆಯನ್ನು ನಾಡೆಲ್ಲ ಕೇಳಿತು; ಆದರೆ ಗ್ರಾಮಫೋನ್ ತಟ್ಟೆಯ ಮೇಲೆ ಇಂತಹವರ ಹೆಸರುಗಳು ಕಾಣುತ್ತಿದ್ದುದು ಅಪರೂಪ. ಏನನ್ನು ಪ್ರಕಟಿಸಬೇಕು, ಯಾರ ಹೆಸರಿನಲ್ಲಿ ಪ್ರಕಟಿಸಬೇಕು ಎಂಬುದನ್ನು ನಿರ್ಧರಿಸುವವರು ಬೇರೆಯೇ ಇದ್ದರು.

ಈ ಕ್ರಮವನ್ನು ಮುರಿದವರು ಬಾರ್ದೇಸ್ ತಾಲ್ಲೂಕಿನ ಸಿಯೋಲಿಯ ರೆಮೊ ಫರ್ನಾಂಡಿಸ್. 1953ರಲ್ಲಿ ಜನಿಸಿದ ಇವರು ಮುಂಬಯಿಯಲ್ಲಿ ವಾಸ್ತುಶಿಲ್ಪವನ್ನು ವ್ಯಾಸಂಗಮಾಡಿ, ಸ್ಯಾವೇಜಸ್ ಎಂಬ ರಾಕ್ ವೃಂದದಲ್ಲಿ ಹಾಡಿ, ಯುರೋಪನ್ನು ಸುತ್ತಿ ಊರಿಗೆ ಮರಳಿದವರು. ಇವರು ಸ್ವತಃ ರಚಿಸಿದ ಹಾಡುಗಳನ್ನು ಧ್ವನಿಮುದ್ರಣ ಕಂಪನಿಗಳು ಒಲ್ಲೆವೆಂದವು. ಆಗ ಇವರು ಮನೆಯನ್ನೇ ಸ್ಟುಡಿಯೋ ಮಾಡಿಕೊಂಡರು.

ಅದಕ್ಕೆ ಒದಗಿದುದು ನಾಲ್ಕು ಪಥಗಳ ಕ್ಯಾಸೆಟ್ ಯಂತ್ರ. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಒಂದೊಂದು ಮಗ್ಗುಲಿಗೆ ಎರಡರಂತೆ ಇರುವ ಧ್ವನಿಪಥಗಳನ್ನು ಈ ಯಂತ್ರವು ಒಂದೇ ದಿಕ್ಕಿನಲ್ಲಿ ಒಟ್ಟಾಗಿ ಬಳಸುತ್ತದೆ. ಮೊದಲು ತಾಳವಾದ್ಯ, ಅದನ್ನು ಕೇಳುತ್ತ ಗಿಟಾರ್, ಮತ್ತೆ ಕಂಠ, ಹೀಗೆ ಒಬ್ಬನೇ ಪದರಪದರವಾಗಿ ವೃಂದವೊಂದನ್ನು ಕಟ್ಟಬಹುದು. ಮೂರು ಪಥಗಳನ್ನು ನಾಲ್ಕನೆಯದಕ್ಕೆ ಇಳಿಸಿದರೆ ಆ ಮೂರು ಮತ್ತೆ ತೆರವಾಗುತ್ತವೆ. ಆದರೆ ಹಾಗೆ ಇಳಿಸಿದಷ್ಟೂ ಟೇಪಿನ ಮೊರೆತವೂ ಏರುತ್ತದೆ.

ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿ, ಎಲ್ಲ ಕಂಠಗಳನ್ನೂ ತಾವೇ ಹಾಡಿ ರೆಮೊ ಅವರು ಸಿದ್ಧಪಡಿಸಿದ ‘ಗೋವನ್ ಕ್ರೇಜಿ’ 1984ರಲ್ಲಿ ಹೊರಬಂದಿತು. ಕ್ಯಾಸೆಟ್ಟುಗಳನ್ನು ಹಳದಿ ಸ್ಕೂಟರಿನ ಮೇಲೆ ಹೇರಿಕೊಂಡು ಅಂಗಡಿಯಿಂದ ಅಂಗಡಿಗೆ ತಲುಪಿಸಿದವರೂ ಅವರೇ. ಮುಂದೆ ಶ್ಯಾಮ್ ಬೆನೆಗಲ್ಲರ ‘ತ್ರಿಕಾಲ್’ ಚಿತ್ರದಲ್ಲಿ (1985) ಅವರ ಸಂಗೀತವನ್ನು ನಾಡು ಕೇಳಿತು; 2007ರಲ್ಲಿ ಪದ್ಮಶ್ರೀ ಬಂದಿತು.

ಆ ಮಾನಸನ್ಮಾನಗಳಿಗಿಂತ ಆ ಸ್ಕೂಟರಿನ ತಿರುಗಾಟವೇ ನಮಗೆ ಹೆಚ್ಚಿನದಾಗಿ ತೋರುತ್ತದೆ. ಅಂದು ಅವರು ಸುಮ್ಮನಾಗಿದ್ದರೆ ಆ ಹಾಡುಗಳನ್ನು 43 ವರ್ಷ ಕಾದು ಹೊರತೆಗೆಯುವವರು ಯಾರಿದ್ದರು? ಹೊರನಾಡಿನಲ್ಲಿ ಕುಳಿತು, ಕನ್ನಡದ ಈ ಕೆಲವು ಹಾಳೆಗಳನ್ನು ಮಸಿ ಮೆತ್ತಿದ ಕೈಗಳಿಂದ ನಾವೇ ತೆಗೆದು, ನಾವೇ ಮನೆಮನೆಗೆ ಹಂಚುವಾಗ, ಸಿಯೋಲಿಯ ಆ ಸಾಹಸವು ನಮಗೆ ಪರಕೀಯವೆನಿಸುವುದಿಲ್ಲ.